ನಾಡಿ 72, ಕೋಡ್ ಹೇಳೋದು 144. ಎಲ್ಲಿ ತಪ್ಪಿದೆ?

ಪ್ರಶ್ನೆ:
ಬೆರಳ ತುದಿಗೆ ಮ್ಯಾಕ್ಸ್30102 ಅನ್ನೋ, ಬೆಳಕಿನಿಂದ ನಾಡಿ ಅಳೆಯೋ ಸೆನ್ಸರ್ ಇಟ್ಟು ಸೆಕೆಂಡಿಗೆ 100 ಸ್ಯಾಂಪಲ್ ತಗೊಳ್ತಿದ್ದೀನಿ. ಮಣಿಕಟ್ಟು ಹಿಡಿದು ಎಣಿಸಿದರೆ 72. ಕೋಡ್ ಒಮ್ಮೆ 72 ಅನ್ನುತ್ತೆ, ಇನ್ನೊಮ್ಮೆ 144. ಸರಾಸರಿಗಿಂತ ಮೇಲಿರೋ ಪ್ರತಿ ಪೀಕನ್ನೂ ಬಡಿತ ಅಂತ ಎಣಿಸಿದ್ದೀನಿ. 144 ಬಂದಾಗ ಪೀಕುಗಳ ನಡುವಿನ ಸ್ಯಾಂಪಲ್ ಅಂತರ ಪ್ರಿಂಟ್ ಮಾಡಿದೆ: 34, 49, 35, 48, 34, 49. ಸೆನ್ಸರ್ ಕೆಟ್ಟಿದೆಯಾ? ಎರಡು ರಾತ್ರಿ ಇದಕ್ಕೇ ಹೋಯ್ತು.

ಉತ್ತರ 1:
ಸೆನ್ಸರ್ ಚೆನ್ನಾಗೇ ಇದೆ. ಜೋಡಿ ಕೂಡಿಸಿ ನೋಡಿ: 34+49=83, 35+48=83. ನಿಮಿಷಕ್ಕೆ 6000 ಸ್ಯಾಂಪಲ್, ಅದನ್ನು 83ರಿಂದ ಭಾಗಿಸಿದರೆ 72! ಪಿಪಿಜಿಯಲ್ಲಿ (ಬೆಳಕಿನಿಂದ ಅಳೆದ ನಾಡಿಯ ಅಲೆ) ಒಂದು ಬಡಿತಕ್ಕೆ ಎರಡು ಉಬ್ಬು. ರಕ್ತ ನುಗ್ಗಿದಾಗ ದೊಡ್ಡದು, ಆಮೇಲೆ ಡೈಕ್ರೋಟಿಕ್ ನಾಚ್ ಅನ್ನೋ ತಗ್ಗು, ಅದರ ಬೆನ್ನಿಗೇ ಮರಿ ಉಬ್ಬು. ಉಸಿರಾಟಕ್ಕೆ ಬೇಸ್‌ಲೈನ್ (ಅಲೆಯ ತಳಮಟ್ಟ) ಏರಿದಾಗ ಮರಿಯೂ ನಿಮ್ಮ ಸರಾಸರಿ ಗೆರೆ ದಾಟುತ್ತೆ. ಎತ್ತರ ನೋಡಬೇಡಿ, ಪ್ರಾಮಿನೆನ್ಸ್ ನೋಡಿ. ಅಕ್ಕಪಕ್ಕದ ತಗ್ಗಿನಿಂದ ಎಷ್ಟು ಎದ್ದಿದೆ ಅನ್ನೋದು. ಪೈಥಾನ್ ಲೈಬ್ರರಿ ಸೈಪೈನ ಫೈಂಡ್ ಪೀಕ್ಸ್‌ನಲ್ಲೇ ಇದೆ.

ಅಂದಹಾಗೆ, ಈ ಸೆನ್ಸರ್ ಅಳೆಯೋದು ವಾಪಸ್ ಬಂದ ಬೆಳಕನ್ನ. ರಕ್ತ ಹೆಚ್ಚಾದರೆ ಬೆಳಕು ಕಮ್ಮಿ, ಹಾಗಾಗಿ ಕಚ್ಚಾ ಗ್ರಾಫ್ ತಲೆಕೆಳಗು. ಮೈನಸ್ 1ರಿಂದ ಗುಣಿಸಿದ್ದೀರಾ?

ಉತ್ತರ 2:
ಪೀಕುಗಳ ನಡುವೆ ಕನಿಷ್ಠ ಅಂತರವನ್ನೂ ಇಡಿ, ಆದರೆ ಅರ್ಧ ಸೆಕೆಂಡ್ ಅಂತ ಗಟ್ಟಿಯಾಗಿ ಬರೆದುಬಿಡಬೇಡಿ. ನಾನು ಹಾಗೆ ಮಾಡಿ ಕೆಟ್ಟೆ. ಕೂತಾಗ ಎಲ್ಲಾ ಸರಿ. ಮೆಟ್ಟಿಲು ಹತ್ತಿ ಬಂದರೆ ನಾಡಿ 130, ಕೋಡ್ 65 ಅಂತು. ಬಡಿತಗಳ ಅಂತರವೇ 0.46 ಸೆಕೆಂಡ್, ಒಂದು ಬಿಟ್ಟು ಒಂದು ಹಾರಿಹೋಗ್ತಿತ್ತು.

ಮೊದಲು 8 ಸೆಕೆಂಡ್ ಡೇಟಾಗೆ ಆಟೋಕೋರಿಲೇಷನ್ ಮಾಡಿ, ಅಂದ್ರೆ ಅಲೆಯನ್ನ ಅದರದೇ ಸರಿಸಿದ ಪ್ರತಿಯ ಜೊತೆ ಹೋಲಿಸಿ. ಎಷ್ಟು ಸ್ಯಾಂಪಲ್ ಸರಿಸಿದಿರಿ ಅನ್ನೋದೇ ಲ್ಯಾಗ್. 30ರಿಂದ 150 ಲ್ಯಾಗ್ ಒಳಗೆ ಹುಡುಕಿ (200ರಿಂದ 40 ನಾಡಿ). ಅತಿ ಎತ್ತರದ ಪೀಕ್ ಬೇಡ, ಅದರ ಶೇ. 80ರಷ್ಟಾದರೂ ಇರೋ ಮೊದಲನೆಯದನ್ನ ತಗೊಳ್ಳಿ. ಯಾಕಂದ್ರೆ ಎರಡು ಬಡಿತದ ಲ್ಯಾಗೂ ಹೆಚ್ಚುಕಮ್ಮಿ ಅಷ್ಟೇ ಎತ್ತರ ಇರುತ್ತೆ. ಸಿಕ್ಕ ಅವಧಿಯ ಶೇ. 60 ಕನಿಷ್ಠ ಅಂತರ. ಎಫ್‌ಎಫ್‌ಟಿ (ಅಲೆಯನ್ನ ಆವರ್ತನಗಳಾಗಿ ಬಿಡಿಸೋ ಲೆಕ್ಕ) ಬೇಡ, 8 ಸೆಕೆಂಡಿಗೆ ಅದರ ಒಂದೊಂದು ಬಿನ್ನೂ (ಆವರ್ತನದ ಖಾನೆ) 7.5 ಬಡಿತದಷ್ಟು ಅಗಲ.

ಪ್ರಶ್ನೆ ಕೇಳಿದವರು:
ಗುಣಿಸಿರಲಿಲ್ಲ 😅 ತಿರುಗಿಸಿದೆ, ಲ್ಯಾಗ್ 83 ಬಂತು. ಇದರ ಬದಲು ಪ್ಯಾನ್-ಟಾಂಪ್ಕಿನ್ಸ್ ಅನ್ನೋ ಬಡಿತ ಹುಡುಕೋ ವಿಧಾನ ಹಾಕಬಹುದಾ?

ಉತ್ತರ 1:
ಬೇಡ. 1985ರ ಆ ವಿಧಾನ ಇಸಿಜಿಯ ಚೂಪು ಕ್ಯೂಆರ್‌ಎಸ್‌ಗೆ (ಪ್ರತಿ ಬಡಿತದ ಮೊನಚು ಏರಿಳಿತ) ಕಟ್ಟಿದ್ದು, 5ರಿಂದ 15 ಹರ್ಟ್ಸ್ ಸುತ್ತ. ಪಿಪಿಜಿಯ ದುಂಡು ಅಲೆ ಆ ಫಿಲ್ಟರಿನಲ್ಲೇ ಮುಕ್ಕಾಲು ಸೋರಿಹೋಗುತ್ತೆ. ಫಿಲ್ಟರ್ 0.5ರಿಂದ 5 ಹರ್ಟ್ಸ್ ಇಡಿ.

ಪ್ರಶ್ನೆ ಕೇಳಿದವರು:
ಇಟ್ಟೆ. ಮಧ್ಯೆ ಕೆಮ್ಮಿದಾಗ ಒಂದು ಅಂತರ 131 ಬಂತು. ಸರಾಸರಿ ಬಿಟ್ಟು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವಿನದು) ತಗೊಂಡೆ, 83ರಲ್ಲೇ ನಿಂತಿತು.