ಈ ವಾರದ ಸಮಸ್ಯೆ: ಸೋತ ದಿನವೇ ಮನೆಗೆ ಹೋಳಿಗೆ

ಡೊಂಬಿವಲಿ ಅಕ್ಕ:
ಮುಂಬಯಿ ಸುತ್ತಿನ ನಮ್ಮ ಪದ್ಯದ ಬಳಗದ ಎಲ್ಲರಿಗೂ ನಮಸ್ಕಾರ. ಈ ವಾರ ಸಾಲು ಕೊಡುವ ಸರದಿ ನನ್ನದು. ತಗೊಳ್ಳಿ:

ಸೋತ ದಿನವೇ ಮನೆಗೆ ಹೋಳಿಗೆ

ಇದು ಕೊನೆಯ ಸಾಲು. ಮೇಲಿನ ಮೂರನ್ನು ನೀವು ತುಂಬಬೇಕು. ಭಾಮಿನಿ ಷಟ್ಪದಿಯ ನಡೆ, ಮೂರು-ನಾಲ್ಕು-ಮೂರು-ನಾಲ್ಕು, ಸಾಲಿಗೆ 14 ಮಾತ್ರೆ. ಬಾಯಲ್ಲಿ ಹೇಳಿಕೊಂಡು ನೋಡಿ, ತಾನೇ ಕೂರುತ್ತದೆ: ಸೋತ, ದಿನವೇ, ಮನೆಗೆ, ಹೋಳಿಗೆ. ಪ್ರಾಸಕ್ಕೆ ಪ್ರತಿ ಸಾಲಿನ ಎರಡನೇ ಅಕ್ಷರ ‘ತ’ಕಾರವೇ ಆಗಬೇಕು, ಅದರ ಹಿಂದೆ ದೀರ್ಘ ಇರಬೇಕು. ಮಾತು, ಪ್ರೀತಿ, ಕೂತು ನಡೆಯುತ್ತವೆ. ‘ಮತ’ ನಡೆಯಲ್ಲ, ಅಲ್ಲಿ ದೀರ್ಘ ಇಲ್ಲ.

ಹೊಸದಾಗಿ ಸೇರಿದವರಿಗೆ ಒಂದು ಮಾತು. ಅಷ್ಟಾವಧಾನದಲ್ಲಿ ಅವಧಾನಿಗೆ ಪ್ರಶ್ನೆ ಹಾಕಲು ಎಂಟು ಜನ ಪೃಚ್ಛಕರು ಕೂತಿರುತ್ತಾರೆ. ಅವರಲ್ಲಿ ಒಬ್ಬರ ಪಾಲಿನದು ಸಮಸ್ಯಾಪೂರಣ. ಅರ್ಥವೇ ಇಲ್ಲ ಅನ್ನಿಸುವ ಸಾಲು ಕೊಟ್ಟು, ಅದಕ್ಕೆ ಅರ್ಥ ಬರುವ ಹಾಗೆ ಪದ್ಯ ತುಂಬಿಸಿ ಅನ್ನುತ್ತಾರೆ. ಗೆದ್ದ ದಿನ ಹೋಳಿಗೆ ಮಾಡುವುದು ಎಲ್ಲರಿಗೂ ಗೊತ್ತು. ಸೋತ ದಿನ ಯಾಕೆ ಮಾಡಿದರು? ಅದನ್ನು ನೀವು ಹೇಳಬೇಕು.

ನನಗೆ ಈ ಸಾಲು ಎಲ್ಲಿಂದ ಬಂತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ನಮ್ಮ ಪದ್ಧತಿ ನೆನಪಿದೆಯಲ್ಲ? ಪ್ರಾಸ ತಪ್ಪಿದವರು ಮುಂದಿನ ಸಾಲು ಕೊಡಬೇಕು.

ಠಾಣೆ ರಾಯರು:
ಮೊದಲ ಪದ್ಯ ನನ್ನದೇ ಇರಲಿ. ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದೇ.

ತಾತ ಮೊಮ್ಮಗಳೊಡನೆ ಕೇರಮ್
ಕೂತು ಆಡಿದ ಸಂಜೆ ಸೋತನು;
ಪ್ರೀತಿಯಲಿ ತಾನೊಲೆಯ ಹಚ್ಚಿದ
ಸೋತ ದಿನವೇ ಮನೆಗೆ ಹೋಳಿಗೆ

ಮುಲುಂಡ್‌ ತಂಗಿ:
ತಾತನೇ ಒಲೆ ಹಚ್ಚಿದ್ದು ತುಂಬಾ ಇಷ್ಟವಾಯಿತು ರಾಯರೆ. ನಂದು ಕ್ರಿಕೆಟ್ಟಿಗೆ ಹೋಯಿತು. 2023ರ ನವೆಂಬರ್ 19, ಅಹಮದಾಬಾದಿನ ವಿಶ್ವಕಪ್ ಫೈನಲ್. ಅದಕ್ಕೆ ಮೊದಲು ಸಾಲಾಗಿ ಹತ್ತು ಪಂದ್ಯ ಗೆದ್ದಿದ್ದೆವು. ಗೆದ್ದೇ ಗೆಲ್ಲುತ್ತಾರೆ ಅಂತ ಅಮ್ಮ ಬೆಳಿಗ್ಗೆಯೇ ಬೇಳೆ ಬೇಯಿಸಿಟ್ಟಿದ್ದರು.

ಮಾತು ನಿಂತಿತು ಟೀವಿಯೆದುರಲಿ
ಆತುಕೊಂಡೆವು ಗೋಡೆಗೆಲ್ಲರು;
ಪ್ರೀತಿಯಿಂದಲೆ ಅಮ್ಮ ಬಡಿಸಲು
ಸೋತ ದಿನವೇ ಮನೆಗೆ ಹೋಳಿಗೆ

ಆ ರಾತ್ರಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆದರೆ ತಿಂದೆವು. ಎರಡನೇ ಹೋಳಿಗೆಗೆ ತಮ್ಮ ತಾನಾಗಿಯೇ ತುಪ್ಪ ಕೇಳಿದ. ಆಗ ಅಮ್ಮನ ಮುಖ ನೋಡಬೇಕಿತ್ತು.

ಕಲ್ಯಾಣದ ಕಾಕಾ:
ದಾದರಿನಲ್ಲಿ ಬದ್ಲಾಪುರ್ ಫಾಸ್ಟ್ ಲೋಕಲ್ ರೈಲು ತಪ್ಪಿಸಿಕೊಂಡವರಿಗೆ ಇದು ಅರ್ಥವಾಗುತ್ತದೆ. ನಾನು ಧಾರವಾಡದವನು, ನನ್ನ ಬಾಯಲ್ಲಿ ಬರುವ ಹಾಗೆ ಬರೆದಿದ್ದೇನೆ.

ಕಾತರಿಸಿ ಓಡಿದೆನು, ಲೋಕಲು
ಹೋತು ಕಣ್ಣೆದುರಲ್ಲೆ, ಮೆಲ್ಲನೆ
ಆತು ಬಿಡೆನುತ ಕೊಂಡೆ ನಾಲ್ಕನು
ಸೋತ ದಿನವೇ ಮನೆಗೆ ಹೋಳಿಗೆ

ಮೂವತ್ತು ವರ್ಷ ಆ ಗಾಡಿಯ ಹಿಂದೆ ಓಡಿದ್ದೇನೆ. ಹಿಡಿದ ದಿನಗಳು ಯಾವುವೂ ನೆನಪಿಲ್ಲ. ತಪ್ಪಿದ ಆ ಒಂದು ಸಂಜೆ ಚೆನ್ನಾಗಿ ನೆನಪಿದೆ. ಸೇತುವೆ ಇಳಿದು ಹೊರಗೆ ಬಂದೆ. ಅಂಗಡಿಯಲ್ಲಿ ಹೆಂಚಿನಿಂದ ಆಗ ತಾನೇ ತೆಗೆದ ಪುರಣಪೋಳಿ, ಅಂದರೆ ಮರಾಠಿಯವರ ಹೋಳಿಗೆ, ಇತ್ತು. ಎಷ್ಟೋ ವರ್ಷ ಅದೇ ಅಂಗಡಿ ಮುಂದೆ ಓಡಿದ್ದೆ, ಒಳಗೆ ಏನಿದೆ ಅಂತ ನೋಡಿರಲಿಲ್ಲ. ನಾಲ್ಕು ಕಟ್ಟಿಸಿಕೊಂಡು ಮುಂದಿನ ಗಾಡಿ ಹತ್ತಿದೆ. ಫೋರ್ತ್ ಸೀಟ್ ಸಿಕ್ಕಿತು. ಮೂರು ಜನರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಅರ್ಧ ಹೊರಗೆ. ತೊಡೆಯ ಮೇಲೆ ಪೊಟ್ಟಣ ಇನ್ನೂ ಬಿಸಿ ಇತ್ತು. ಕಲ್ಯಾಣ ಬರುವ ತನಕ ಒಂದು ಕೈ ಅದರ ಮೇಲೇ ಇಟ್ಟುಕೊಂಡಿದ್ದೆ.

ಡೊಂಬಿವಲಿ ಅಕ್ಕ:
ಕಾಕಾ, ‘ಹೋತು’, ‘ಆತು’ ಎರಡೂ ಪ್ರಾಸಕ್ಕೆ ಎಷ್ಟು ಸಲೀಸಾಗಿ ಕೂತಿವೆ! ನಮ್ಮ ಉಡುಪಿ ಕಡೆಯ ಕನ್ನಡದಲ್ಲಿ ಈ ಪ್ರಾಸ ಸಿಗುತ್ತಿರಲಿಲ್ಲ. ‘ಆತು ಬಿಡು’ ಅನ್ನುವಾಗ ಉಸಿರು ಇಳಿಯುತ್ತದಲ್ಲ, ಅದು ‘ಆಯಿತು ಬಿಡು’ ಅಂದರೆ ಬರುವುದಿಲ್ಲ.

ಐರೋಳಿ ತಮ್ಮ:
ಅಕ್ಕ, ನನ್ನದು ಮೊದಲ ಪ್ರಯತ್ನ. ನೋಡಿ ಹೇಳಿ.

ರಾತ್ರಿ ಪಾಳಿಯ ಮುಗಿಸಿ ಬಂದೆನು
ಸೋತೆ ಬಡ್ತಿಯ ಸಾಲಿನಲ್ಲಿಯು;
ಹೇತುವೇನೋ, ಕಾಕು ತಂದರು
ಸೋತ ದಿನವೇ ಮನೆಗೆ ಹೋಳಿಗೆ

ಠಾಣೆ ರಾಯರು:
ಮಾತ್ರೆ ಸರಿ ಇದೆ ತಮ್ಮ. ಆದರೆ ‘ರಾತ್ರಿ’ಯಲ್ಲಿ ಇರುವುದು ‘ತ್ರ’. ಪ್ರಾಸಕ್ಕೆ ಒಂಟಿ ‘ತ’ ಬೇಕು. ಒತ್ತಕ್ಷರ ಬಂದರೆ ಎಲ್ಲ ಸಾಲಿನಲ್ಲೂ ಅದೇ ಒತ್ತು ಬರಬೇಕು.

ಐರೋಳಿ ತಮ್ಮ:
ಹೌದು ರಾಯರೆ, ತಪ್ಪಿದೆ. ಸೋತೆ. ಮುಂದಿನ ಸಾಲು ನಾನೇ ಕೊಡುತ್ತೇನೆ. ಆದರೂ ಮೊದಲ ಸಾಲು ತಿದ್ದಿದ್ದೇನೆ:

ಬಾತ ಕಣ್ಣಲಿ ಪಾಳಿ ಮುಗಿಸಿದೆ

ಕಾಕು ಅಂದರೆ ಪಕ್ಕದ ಮನೆಯ ಮರಾಠಿ ಹೆಂಗಸು. ಅವತ್ತು ಹೋಳಿ ಹಬ್ಬ ಅನ್ನುವುದೇ ನನಗೆ ಮರೆತಿತ್ತು. ಆ ಹಬ್ಬಕ್ಕೆ ಅವರ ಮನೆಗಳಲ್ಲಿ ಪುರಣಪೋಳಿ ಮಾಡುತ್ತಾರಲ್ಲ. ಬೆಳಿಗ್ಗೆ ಬಂದು ಬೂಟು ಬಿಚ್ಚುತ್ತಾ ಹೊಸ್ತಿಲ ಮೇಲೆ ಕೂತಿದ್ದೆ. ಅವರು ಏನೂ ಕೇಳಲಿಲ್ಲ. ಸ್ಟೀಲ್ ತಟ್ಟೆ ಕೈಗೆ ಕೊಟ್ಟು ಹೋದರು.

ಡೊಂಬಿವಲಿ ಅಕ್ಕ:
‘ಬಾತ ಕಣ್ಣು’ ಮೊದಲಿನದಕ್ಕಿಂತ ಎಷ್ಟೋ ಮೇಲು ತಮ್ಮ. ‘ರಾತ್ರಿ’ ಅಂದಾಗ ಬರೀ ಹೊತ್ತು ಗೊತ್ತಾಗುತ್ತಿತ್ತು. ಈಗ ನಿನ್ನ ಮುಖ ಕಾಣುತ್ತದೆ.

ಅವರ ಪುರಣ, ನಮ್ಮ ಹೂರಣ, ನಾವಿಲ್ಲಿ ಮಾಡುತ್ತಿರುವ ಪೂರಣ, ಮೂರೂ ಒಂದೇ ಮಾತು. ಹಳೆಯ ‘ಪ’ ನಮ್ಮಲ್ಲಿ ‘ಹ’ ಆಯಿತು, ಪಾಲು ಹಾಲಾದ ಹಾಗೆ. ಒಳಗೆ ತುಂಬುವುದು ಅಂತ ಅರ್ಥ. ಸಾಲು ಆರಿಸುವಾಗ ಇದು ನನ್ನ ಮನಸ್ಸಿನಲ್ಲಿತ್ತು.

ಈಗ ನನ್ನದು.

ಮಾತನಾಡದೆ ಅಪ್ಪ ಚಾವಿಯ
ನೇತು ಹಾಕಿದ ಮೊಳೆಗೆ, ಹುಡುಗರು
ಕೂತರೆಲ್ಲರು ಒಂದೆ ಪಂಕ್ತಿಗೆ
ಸೋತ ದಿನವೇ ಮನೆಗೆ ಹೋಳಿಗೆ

ನಮ್ಮ ಮನೆಯಲ್ಲಿ ಅಪ್ಪನಿಗೆ ಏಕವಚನವೇ. ಮುಂಬಯಿಯ ಲಾಲ್‌ಬಾಗ್ ಹತ್ತಿರ ಅವನಿಗೊಂದು ಸಣ್ಣ ಹೋಟೆಲ್ ಇತ್ತು. ಒಂಬತ್ತು ಮೇಜು. ಬರುವವರೆಲ್ಲ ಗಿರಣಿ ಕೆಲಸದವರು. ಪಾಳಿ ಬಿಟ್ಟಾಗ ಸಿಳ್ಳೆ ಕೇಳಿದರೆ ಅಪ್ಪ ಕಾವಲಿಗೆ ಹಿಟ್ಟು ಹುಯ್ಯುತ್ತಿದ್ದ. ತಿಂಗಳಿಡೀ ಉದ್ದರಿ, ಪಗಾರ ಆದ ದಿನ ಲೆಕ್ಕ. 1982ರ ಜನವರಿ 18ಕ್ಕೆ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಮೊದಲ ಕೆಲವು ತಿಂಗಳು ಅಪ್ಪ ಉದ್ದರಿ ಕೊಡುತ್ತಲೇ ಹೋದ. ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಕೊಂಕಣಕ್ಕೆ, ಘಟ್ಟದ ಮೇಲಿನ ಊರುಗಳಿಗೆ ವಾಪಸು ಹೋದರು. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಎರಡು ವರ್ಷ ಎಳೆದು, 1984ರಲ್ಲಿ ಅಪ್ಪ ಬಾಗಿಲು ಹಾಕಿದ. ಆಗ ನನಗೆ ಹನ್ನೊಂದು.

ಹೋಳಿಗೆ ಯಾಕೆ ಅಂದರೆ, ಉಗ್ರಾಣದಲ್ಲಿ ಕಡ್ಲೆಬೇಳೆ, ಬೆಲ್ಲ, ಮೈದಾ ಉಳಿದಿತ್ತು. ಮಾರಿದರೆ ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಅಮ್ಮ ಅದನ್ನೆಲ್ಲ ನಾವಿದ್ದ ಚಾಳಿಗೆ, ಅಂದರೆ ಸಾಲುಮನೆಗಳ ವಠಾರಕ್ಕೆ, ತರಿಸಿದಳು. ಬಾಳೆ ಎಲೆ ತುಂಡಿಗೆ ಎಣ್ಣೆ ಸವರಿ ತಟ್ಟುತ್ತಿದ್ದಳು, ನಾನು ಹೂರಣದ ಉಂಡೆ ಕಟ್ಟಿ ಕೊಡುತ್ತಿದ್ದೆ. ಕೈಯೆಲ್ಲ ಏಲಕ್ಕಿ ವಾಸನೆ. ಅಪ್ಪ ಬಂದವನು ಚಾವಿಯನ್ನು ಕ್ಯಾಲೆಂಡರ್ ಪಕ್ಕದ ಮೊಳೆಗೆ ಹಾಕಿದ. ಹೋಟೆಲಿನ ಆರು ಜನ ಹುಡುಗರು ವರಾಂಡದಲ್ಲಿ ಸಾಲಾಗಿ ಕೂತರು. ಅವರಲ್ಲಿ ನಾಲ್ವರಿಗೆ ಅಪ್ಪ ಆಗಲೇ ಬೇರೆ ಹೋಟೆಲಿನಲ್ಲಿ ಕೆಲಸ ಹೇಳಿಟ್ಟಿದ್ದ.

ಅಷ್ಟರಲ್ಲಿ ಒಬ್ಬ ಹಳೆಯ ಗಿರಾಕಿ ಮೆಟ್ಟಿಲು ಹತ್ತಿ ಬಂದ. ಹೋಟೆಲ್ ಮುಚ್ಚಿದ್ದು ಕೇಳಿ, ಬಾಕಿಗೆ ಅಂತ ಐದು ರೂಪಾಯಿ ಹಿಡಿದುಕೊಂಡು ಬಂದಿದ್ದ. ಅಪ್ಪ ಮರಾಠಿಯಲ್ಲಿ, ‘ಲೆಕ್ಕ ಆಮೇಲೆ, ಈಗ ಎಲೆ ಹಾಕಿದ್ದೇವೆ, ಕೂತ್ಕೊ’ ಅಂದ. ಅವನು ಕೂತ. ಅಪ್ಪನೂ ಅವನ ಪಕ್ಕದಲ್ಲೇ ಕೂತ. ಹೋಟೆಲ್ ನಡೆಸುವಾಗ ಅಪ್ಪ ಎಲ್ಲರ ಜೊತೆ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಮಾಟುಂಗಾದಲ್ಲಿ ಇನ್ನೊಬ್ಬರ ಹೋಟೆಲಿನ ಗಲ್ಲಾದಲ್ಲಿ ಹತ್ತೊಂಬತ್ತು ವರ್ಷ ಕೂತ. ಭಾನುವಾರ ಬೆಳಿಗ್ಗೆ ರಜೆ ಇರುತ್ತಿತ್ತು. ನನ್ನನ್ನು ಕರೆದುಕೊಂಡು ಅಲ್ಲಿನ ಕನ್ನಡ ಸಂಘವಾದ ಮೈಸೂರು ಅಸೋಸಿಯೇಷನ್‌ಗೆ ಹೋಗುತ್ತಿದ್ದ. ನಾಟಕ, ಭಾಷಣ, ಯಾವುದಿದ್ದರೂ ಸರಿ. ಸ್ವಂತ ಹೋಟೆಲ್ ಇದ್ದಾಗ ಅವನಿಗೆ ಭಾನುವಾರ ಅನ್ನುವುದೇ ಇರಲಿಲ್ಲ. ನನಗೆ ಪದ್ಯದ ಹುಚ್ಚು ಹಿಡಿದದ್ದು ಆ ಭಾನುವಾರಗಳಲ್ಲಿ.

ಕಲ್ಯಾಣದ ಕಾಕಾ:
ಡೊಂಬಿವಲಿ ತಂಗಿ, ನಿನ್ನ ಪದ್ಯದ ಮೂರನೇ ಸಾಲು ಓದಿ ಸುಮ್ನೆ ಕೂತುಬಿಟ್ಟೆ. ‘ಒಂದೆ ಪಂಕ್ತಿಗೆ.’ ಅಪ್ಪ ಏನೂ ಅನ್ನಲಿಲ್ಲ ಅಂತ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದು ಒಳ್ಳೆಯದಾಯಿತು.

ಮುಲುಂಡ್‌ ತಂಗಿ:
ಅಕ್ಕ, ಆ ಚಾವಿ ಏನಾಯಿತು?

ಡೊಂಬಿವಲಿ ಅಕ್ಕ:
ಒಂದನ್ನು ಅಂಗಡಿಯ ಮಾಲೀಕರಿಗೆ ವಾಪಸು ಕೊಟ್ಟೆವು. ಇನ್ನೊಂದು ಇಲ್ಲೇ ಇದೆ. ಚಾಳು ಬಿಟ್ಟು ಡೊಂಬಿವಲಿಗೆ ಬಂದಾಗ ಅಪ್ಪ ಮೊಳೆಯನ್ನೂ ಕಿತ್ತು ತಂದ. ಈ ಮನೆಯ ಅಡುಗೆಕೋಣೆಯಲ್ಲಿ ಹೊಡೆದು ಅದಕ್ಕೇ ನೇತು ಹಾಕಿದ. ಈಗ ಆ ಮೊಳೆಯಲ್ಲಿ ಚಾವಿಯ ಜೊತೆ ಚಹಾ ಸೋಸುವ ಜಾಲರಿಯೂ ಇರುತ್ತದೆ.

ಐರೋಳಿ ತಮ್ಮ:
ಹಾಗಾದರೆ ಮುಂದಿನ ಸಾಲು ಸಿಕ್ಕಿತು ಅಕ್ಕ. ನೀವು ಒಪ್ಪಿದರೆ ಇದು:

ಬೀಗವಿಲ್ಲದ ಮನೆಗೆ ಚಾವಿಯು

ಪ್ರಾಸ ‘ಗ’, ಹಿಂದೆ ದೀರ್ಘ. ಮಾತ್ರೆ ಎರಡು ಸಲ ಎಣಿಸಿದ್ದೇನೆ ರಾಯರೆ, ನೀವೂ ಒಮ್ಮೆ ನೋಡಿ. ಭಾನುವಾರದ ತನಕ ಹೊತ್ತು ಇದೆ.