ಆನೆ ತೂಕದ ಹಾಸ್ಯ ಕಾದಂಬರಿ ಅರ್ಧಕ್ಕೆ ನಿಂತಿದೆ, ಸಲಹೆ ಕೊಡಿ

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಹಾಸ್ಯ ಕಥೆ ಬರೆಯುತ್ತೇನೆ.

ಎರಡು ಮುಗಿದಿವೆ. ಒಂದು ಆಲೆಮನೆ ಕಾಳೇಗೌಡರದು. ಬೆಲ್ಲದ ಪಾಕದ ಹದ ತಮಗೊಬ್ಬರಿಗೇ ಗೊತ್ತು ಅನ್ನುವವರು. ಹೆಣ್ಣು ನೋಡೋಕೆ ಬಂದವರನ್ನೂ "ಇನ್ನೂ ಹದ ಬಂದಿಲ್ಲ, ಕೂತ್ಕೊಳ್ಳಿ" ಅಂತ ಸಂಜೆವರೆಗೆ ಕೂರಿಸುತ್ತಾರೆ. ಇನ್ನೊಂದು, ಮೈಸೂರು–ಬೆಂಗಳೂರು ರೈಲಿನ ಒಂದೇ ಕಿಟಕಿ ಸೀಟಿಗೆ ದಿನಾ ಜಗಳವಾಡುವ ಇಬ್ಬರು ಗುಮಾಸ್ತರದು.

ನಿಂತಿರುವುದು ಮೂರನೆಯದು. ದಸರಾ ಆನೆಗಳು ಮೈಸೂರಿಗೆ ಬಂದ ಮೇಲೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕುತ್ತಾರಲ್ಲ, ನನ್ನ ಶಿವಣ್ಣ ಅಲ್ಲಿನ ಗುಮಾಸ್ತ. ವರ್ಷವೆಲ್ಲಾ ಲಾರಿ ತೂಗುವವನು. ಆನೆಗೂ ಲಾರಿಯ ಚೀಟಿಯನ್ನೇ ಬರೆಯುತ್ತಾನೆ. ವಾಹನ ಸಂಖ್ಯೆ: ಇಲ್ಲ. ಸರಕು: ಇಲ್ಲ. ಖಾಲಿ ತೂಕದ ಕಾಲಂಗೆ ಬಂದು ನಿಲ್ಲುತ್ತಾನೆ. "ಹೊಟ್ಟೆ ಖಾಲಿ ಆದ್ಮೇಲೆ ಕರ್ಕೊಂಡು ಬನ್ನಿ" ಅನ್ನುತ್ತಾನೆ. ಮಾವುತ ಹೇಳುತ್ತಾನೆ: "ಅಣ್ಣಾ, ಇದ್ರ ಹೊಟ್ಟೆ ಖಾಲಿ ಇದ್ದಿದ್ದನ್ನ ನಾನೇ ನೋಡಿಲ್ಲ."

ಇಲ್ಲಿವರೆಗೆ ಸಲೀಸು. ಈಗ ಶಿವಣ್ಣನಿಗೆ ಲೋಡ್ ತೂಕವೂ ಬೇಕು, ಅಂದರೆ ಅಂಬಾರಿ ಹೊತ್ತ ಆನೆ. ಅಂಬಾರಿ 750 ಕೆ.ಜಿ. ಅಂತ ಎಲ್ಲರೂ ಹೇಳುತ್ತಾರೆ, ಆದರೆ ತಾನು ತೂಗದೆ ಚೀಟಿಗೆ ಸಹಿ ಹಾಕಲ್ಲ ಅನ್ನುತ್ತಾನೆ. ಜಂಬೂಸವಾರಿ ಬಿಟ್ಟು ಆನೆ ವೇಬ್ರಿಡ್ಜಿಗೆ ಬರೋದುಂಟೇ? ಎಳೆದು ತಂದರೆ ಕಥೆ ಬರೀ ಕೋಡಂಗಿ ಆಟ ಆಗುತ್ತೆ. ಶಿವಣ್ಣನನ್ನು ಪೆದ್ದನನ್ನಾಗಿ ಮಾಡೋಕೆ ನನಗೆ ಸುತರಾಂ ಇಷ್ಟವಿಲ್ಲ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡುವವನು, ನಗು ಬರಬೇಕಾದದ್ದೇ ಅಲ್ಲಿಂದ. ಮುಂದೆ ಹೇಗೆ?

ಅಗ್ರಹಾರದ ಮೇಷ್ಟ್ರು:
ಕಾದಂಬರಿ ಯಾಕೆ? ಮಾವುತನ ಮಾತಿಗೇ ನಿಲ್ಲಿಸಿ. ಕನ್ನಡದ ಹಾಸ್ಯ ಚಿಕ್ಕ ಬರಹದಲ್ಲೇ ಚೆನ್ನಾಗಿ ಬೆಳೆದಿದೆ. 1942ರಲ್ಲಿ ಶುರುವಾದ 'ಕೊರವಂಜಿ' ಹಾಸ್ಯಪತ್ರಿಕೆ 1967ರವರೆಗೆ ನಡೆದದ್ದು ಪುಟ್ಟ ಬರಹ, ವ್ಯಂಗ್ಯಚಿತ್ರಗಳಿಂದ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆದವರು. ನಾಲ್ಕು ಪುಟ ಸಾಕು.

ಕಬ್ಬಿನಗದ್ದೆ:
ಮೇಷ್ಟ್ರೇ, ಕಾಳೇಗೌಡರಿಗೆ ನಾಲ್ಕು ಪುಟ ಸಾಕಾಯ್ತು. ಇಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಸಂಸಾರ ಸಮೇತ ಅರಮನೆ ಆವರಣದಲ್ಲೇ ಶೆಡ್ ಹಾಕಿಕೊಂಡು ಇರುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಆ ಜನ, ಆ ಒಲೆ, ಆ ಪಾಠ ಎಲ್ಲಾ ಬಿಟ್ಟು ಒಂದು ಮಾತಿಗೆ ನಿಲ್ಲಿಸೋಕೆ ಮನಸ್ಸು ಒಪ್ಪಲ್ಲ.

ಬನ್ನಿಮಂಟಪದವಳು:
ಅಣ್ಣ, ಅಂಬಾರಿ ತನಕ ಯಾಕೆ ಹೋಗ್ತೀರಿ? ಅದಕ್ಕೂ ಮೊದಲು ಆನೆ ಬೆನ್ನ ಮೇಲೆ ಮರಳು ಮೂಟೆ ಕಟ್ಟಿ ತಾಲೀಮು ಮಾಡಿಸ್ತಾರಲ್ವಾ? ಭಾರ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾರೆ. ಶಿವಣ್ಣನಿಗೆ ಲೋಡ್ ಸಿಕ್ಕಿತು. ಚೀಟಿಯಲ್ಲಿ ಸರಕು: ಮರಳು. ಆಮೇಲೆ ಲಾರಿಯವರನ್ನು ಕೇಳೋ ಮಾತನ್ನೇ ಇಲ್ಲೂ ಕೇಳಲೇಬೇಕು: "ಮರಳಿಗೆ ಪರ್ಮಿಟ್ ಎಲ್ಲಿ?"

ಅಗ್ರಹಾರದ ಮೇಷ್ಟ್ರು:
ಒಪ್ಪಿದೆ ತಾಯಿ. ಹಾಗಾದರೆ ಕಾದಂಬರಿಯೇ ಆಗಲಿ. ಮಾವುತ ಮಾತ್ರ ಪರ್ಮಿಟ್‌ಗೆ ನಗಬಾರದು, ಅವನೂ ಗಂಭೀರವಾಗಿ ಹುಡುಕೋಕೆ ಹೊರಡಬೇಕು.

ಕಬ್ಬಿನಗದ್ದೆ:
ತಂಗಿ, ಗಂಟು ಬಿಚ್ಚಿಕೊಟ್ಟಿರಿ! ಅರ್ಜಿಯನ್ನು ಟೆಂಟ್ ಶಾಲೆಯ ಹುಡುಗಿ ಬರೆದುಕೊಡುತ್ತಾಳೆ. 'ವಾಹನದ ಮಾದರಿ' ಅನ್ನುವಲ್ಲಿ 'ಗಂಡಾನೆ' ಅಂತ ದುಂಡಗೆ ಬರೆಯುತ್ತಾಳೆ. ಇವತ್ತೇ ಕೂರುತ್ತೇನೆ. ಮರಳು ಲಾರಿ ಓಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಪರ್ಮಿಟ್‌ನಲ್ಲಿ ಏನೇನು ಕಾಲಂ ಇರುತ್ತೆ ಅಂತ ದಯವಿಟ್ಟು ತಿಳಿಸಿ.