ಮರ್ಲೀನ್ ಓಟಿ ಸ್ಲೊವೇನಿಯಾ ಪರ ಓಡಿದ್ದು: ಪದಕ, ದಾಖಲೆ ಯಾರ ಲೆಕ್ಕಕ್ಕ?

ಪಿ.ಟಿ. ಮಾಸ್ತರ, ಬೀದರ್:
ನೆಹರೂ ಸ್ಟೇಡಿಯಮ್‌ನಾಗ 100, 200 ಮೀಟರ್ ಪ್ರಾಕ್ಟೀಸ್ ಮಾಡೋ ಹುಡುಗ್ಯಾರ ಪ್ರಶ್ನಿ ಇದು. ಓಟಿ ಜಮೈಕಾದ ಓಟಗಾರ್ತಿ, ಕಡೀಗೆ ಸ್ಲೊವೇನಿಯಾ ಪರ ಓಡಿದ್ರು. ಪಾಸ್‌ಪೋರ್ಟ್ ಬದಲಾದ್ರ ಸಾಕೇನು? ಹಳೇ ಪದಕ ಯಾರ ಪಾಲಿಗೆ? ನಮ್ಮ ಕಡಿ ಮಂದಿ ಗಲ್ಫ್‌ನಾಗ ಭಾಳ ಅದಾರ, ಅಲ್ಲಿ ಬೆಳೆದ ಹುಡುಗರು ಯಾವ ದೇಶದ ಪರ ಓಡಬಹುದು? ತಿಳಿದವರು ಬಿಡಿಸಿ ಹೇಳ್ರಿ.

ಎಂಟನೇ ಲೇನ್, ಕಲಬುರಗಿ:
ಮಾಸ್ತರ್ರ, ಪದಕದ ಮಾತಿಗೆ ಓಟಿ ಅವರ ಸಿಡ್ನಿ ಓಟಾನೇ ಉತ್ತರ. 2000ದ 100 ಮೀಟರ್ ಫೈನಲ್‌ನಾಗ ಮೂರನೇದವರಾಗಿ ಬಂದ ಟೈನಾ ಲಾರೆನ್ಸ್ 11.18 ಸೆಕೆಂಡ್, ನಾಕನೇ ಓಟಿ 11.19. ಗೆದ್ದ ಮರಿಯನ್ ಜೋನ್ಸ್ ಡೋಪಿಂಗ್ ಒಪ್ಪಿಕೊಂಡು ಪದಕ ಕಳಕೊಂಡ್ರು, 2009ರಾಗ ಓಟಿಗೆ ಕಂಚು ಬಂತು. ಅಷ್ಟೊತ್ತಿಗೆ ಅವರು ಸ್ಲೊವೇನಿಯಾ ಪ್ರಜೆ ಆಗಿ ಏಳು ವರ್ಷ (2002ರಾಗ ಪೌರತ್ವ ಸಿಕ್ಕಿತ್ತು). ಆದ್ರೂ ಕಂಚು ಜಮೈಕಾದ್ದೇ. ಓಡಿದ ದಿನ ಎದಿ ಮ್ಯಾಲ ಯಾವ ದೇಶದ ಹೆಸರಿತ್ತೋ ಪದಕ ಅದರದ್ದು.

ದಾಖಲೆನೂ ಹಂಗೇ. 1996ರಾಗ 100 ಮೀಟರ್‌ಗೆ ಓಟಿ ಓಡಿದ 10.74 ಜಮೈಕಾದ ಲೆಕ್ಕ, ಸ್ಲೊವೇನಿಯಾಕ್ಕ ಅದು ಹೋಗಂಗಿಲ್ಲ. 2004ರಾಗ, 44ನೇ ವಯಸ್ಸಿಗೆ, 11.09 ಓಡ್ಯಾರ, ನಮ್ಮ ಹುಡುಗ್ಯಾರಿಗೆ ಇದನ್ನ ಬೋರ್ಡಿನ ಮ್ಯಾಲ ಬರೆದು ತೋರಸ್ರಿ. ಅದೇ ವರ್ಷ ಅಥೆನ್ಸ್ ಅವರ ಏಳನೇ ಒಲಿಂಪಿಕ್ಸ್, 100 ಮೀಟರ್ ಸೆಮಿಫೈನಲ್ ತನಕ ಹೋದ್ರು. 2012ರಾಗ ಹೆಲ್ಸಿಂಕಿಯ ಯುರೋಪಿಯನ್ ಕೂಟದಾಗ 4x100 ರಿಲೇ, ವಯಸ್ಸು 52. ದೇಶ ಬಿಟ್ಟವರು ಅಂತ ಅವರನ್ನ ಹಗುರಾಗಿ ಮಾತಾಡೋದು ನನಗ ಸರಿ ಕಾಣಂಗಿಲ್ಲ. ಒಲಿಂಪಿಕ್ಸ್‌ನ 9 ಪದಕಾನೂ ಜಮೈಕಾ ಪರಾನೇ ಗೆದ್ದಾರ.

ಸ್ಟಾರ್ಟಿಂಗ್ ಬ್ಲಾಕ್, ಯಾದಗಿರಿ:
ಪಾಸ್‌ಪೋರ್ಟ್ ಒಂದೇ ಸಾಲಂಗಿಲ್ರಿ. ದೇಶಗಳು ಓಟಗಾರರನ್ನ ರೊಕ್ಕಕ್ಕ ಕೊಳ್ಳೋದು ಅತಿ ಆತಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2017ರ ಫೆಬ್ರುವರಿಯಾಗ ದೇಶ ಬದಲಾವಣಿನೇ ನಿಲ್ಲಿಸಿತ್ತು. 2018ರಾಗ ಹೊಸ ನಿಯಮ ತಂದು ಮತ್ತ ತೆರೀತು: ಓಟಗಾರರಿಗೆ 20 ತುಂಬಿರಬೇಕು, 3 ವರ್ಷ ಕಾಯಬೇಕು, ಹೊಸ ದೇಶ ಪೂರ್ತಿ ಪೌರತ್ವ ಕೊಟ್ಟದ್ದಕ್ಕ ಪುರಾವೆ ಬೇಕು. ಕಾಯೋ ಹೊತ್ತಿನಾಗ ಒಂದು ದಿನದ ಕೂಟಗಳಾಗ ಓಡಬಹುದು, ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಇಲ್ಲ. ಪೆಟ್ಟು ಬೀಳೋದು ಇಲ್ಲೇ. ಸ್ಪ್ರಿಂಟರ್‌ನ ಚಲೋ ವರ್ಷಗಳೇ ಕಮ್ಮಿ, ಅದರಾಗ ಮೂರು ಹೋದ್ವು ಅಂದ್ರ ಒಂದು ಒಲಿಂಪಿಕ್ಸೇ ಕೈತಪ್ಪಬಹುದು.

ವಿನಾಯಿತಿನೂ ಅದ. ಬೆಲಾರೂಸ್‌ನ ಓಟಗಾರ್ತಿ ಕ್ರಿಸ್ಟ್ಸಿನಾ ಸಿಮನೌಸ್ಕಾಯಾ ಅವರನ್ನ ಅವರ ತಂಡದವರೇ 2021ರ ಟೋಕಿಯೋದಾಗ ಕೇಳದೇ 4x400 ರಿಲೇಗೆ ಹಾಕಿದ್ರು. ಅದನ್ನ ಬಹಿರಂಗ ಟೀಕಿಸಿದ್ದಕ್ಕ 200 ಮೀಟರ್ ಓಡೋ ಮೊದಲೇ ವಾಪಸ್ ಕಳಸಾಕ ಹನೇಡಾ ವಿಮಾನ ನಿಲ್ದಾಣಕ್ಕ ಕರ್ಕೊಂಡು ಹೋದ್ರು. ಅವರು ಅಲ್ಲೇ ಪೊಲೀಸರ ರಕ್ಷಣೆ ಕೇಳಿ ಪೋಲೆಂಡ್ ಸೇರಿದ್ರು. 2023ರಾಗ ಮೂರು ವರ್ಷ ಮುಗಿಯೋ ಮೊದಲೇ ಒಪ್ಪಿಗೆ ಸಿಕ್ಕು, ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಾಗ ಪೋಲೆಂಡ್ ಪರ ಓಡಿದ್ರು.

ಎಂಟನೇ ಲೇನ್, ಕಲಬುರಗಿ:
ಗಲ್ಫ್ ಹುಡುಗರ ಮಾತು ಉಳೀತು. ಅಲ್ಲಿ ಹುಟ್ಟಿದ್ರೂ ಅಲ್ಲಿನ ಪೌರತ್ವ ತಾನಾಗೇ ಬರಂಗಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದ ಹುಡುಗ ಭಾರತದ ಪರಾನೇ ಓಡಬೇಕು. ನಮ್ಮ ಕಾನೂನಿನಾಗ ಎರಡು ಪೌರತ್ವ ಇಲ್ಲ, ಇನ್ನೊಂದು ದೇಶದ್ದು ತಗೊಂಡ್ರ ನಮ್ಮದು ಹೋಗ್ತದ. ಆಮ್ಯಾಲ ಓಸಿಐ ಕಾರ್ಡ್ (ಬ್ಯಾರೆ ದೇಶದ ಪ್ರಜೆ ಆದ ಭಾರತ ಮೂಲದವರಿಗೆ ಕೊಡೋ ಕಾರ್ಡ್) ತೋರಿಸಿ ಭಾರತ ತಂಡ ಸೇರಾಕ ಬರಂಗಿಲ್ಲ. ಅದಕ್ಕ ಮೊದಲನೇ ಅಂತರರಾಷ್ಟ್ರೀಯ ಕೂಟಕ್ಕ ಹೆಸರು ಕಳಸೂದಕ್ಕಿಂತ ಮುಂಚೇನೇ ಮನ್ಯಾಗ ಕೂತು ನಿರ್ಧಾರ ಮಾಡ್ರಿ. ಒಂದು ಸಲ ಒಂದು ದೇಶದ ಜರ್ಸಿ ಹಾಕಿ ಓಡಿದ್ರಂದ್ರ ಮ್ಯಾಲ ಹೇಳಿದ ನಿಯಮ ಎಲ್ಲಾ ಅಂಟ್ಕೋತಾವ.